ಅತ್ತೆ ಜೋಡಿಸಿದ ಕಂಪ್ಯೂಟರ್

ಜೂನ್ 3, ಮಂಗಳವಾರ

ಚಿ. ಸೌ. ಸೊಸೆಗೆ,

ಹನ್ನೊಂದು ಮಷೀನಿನ ಈ ಹೊಲಿಗೆಮನೆಯ ಯಜಮಾನಿ, ನಿನ್ನ ಗಂಡನ ತಾಯಿ, ಹೈಸ್ಕೂಲನ್ನು ಗಣಿತದಲ್ಲಿ ಮೊದಲನೆಯವಳಾಗಿ ಮುಗಿಸಿದವಳು, ಇಷ್ಟು ವರ್ಷದಲ್ಲಿ ಯಾರಿಗೂ ತಾನಾಗಿ ಮೊದಲು ಪತ್ರ ಬರೆದವಳಲ್ಲ. ಬರೆಯುವವರು ನನಗೆ ಬರೆಯುತ್ತಿದ್ದರು, ನಾನು ಉತ್ತರ ಕೊಡುತ್ತಿದ್ದೆ. ಈಗ ನಿನಗೆ ಬರೆಯುತ್ತಿದ್ದೇನೆ ಎಂದರೆ ಅದರ ತೂಕ ನಿನಗೆ ಗೊತ್ತಾಗಬೇಕು.

ಕ್ಷೇಮವಾಗಿದ್ದೀಯೆಂದು ಭಾವಿಸುತ್ತೇನೆ. ಭಾವಿಸುವುದಷ್ಟೇ ನನ್ನ ಪಾಲಿಗೆ ಉಳಿದಿರುವುದು. ಭಾನುವಾರ ಭಾನುವಾರ ನಿನ್ನನ್ನು ನೋಡಿಕೊಂಡು ಬರುವ ನನ್ನ ಮಗ "ಚೆನ್ನಾಗಿದ್ದಾಳೆ ಅಮ್ಮ" ಎಂಬ ಎರಡು ಮಾತಿನ ಮೇಲೆ ಮೂರನೆಯದು ಆಡುವುದಿಲ್ಲ. ಬ್ರೆಡ್ಡಿನ ವ್ಯಾನು ಓಡಿಸಿ ಓಡಿಸಿ ಅವನ ನಾಲಿಗೆಯೂ ಬ್ರೆಡ್ಡಿನ ಹಾಗೆ ಮೆತ್ತಗಾಗಿಬಿಟ್ಟಿದೆ.

ಬರೆಯುವುದು ತಡವಾಯಿತು. ಶಾಲೆ ಶುರುವಾಗುವ, ಯೂನಿಫಾರಂ ಹೊಲಿಯುವ ಕಾಲದಲ್ಲಿ ನಮ್ಮಲ್ಲಿ ಉಸಿರಾಡುವುದಕ್ಕೂ ಸರದಿ ಕಾಯಬೇಕು, ಅದು ನಿನಗೆ ಗೊತ್ತು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಎರಡು ಸಲ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ನಾನು "ಊಟ ಆಯ್ತಾ" ಎಂದರೂ ಗದರಿಸಿದ ಹಾಗೆ ಕೇಳಿಸುತ್ತದಂತೆ, ನಿನ್ನ ಗಂಡನ ಅಭಿಪ್ರಾಯ. ಅಕ್ಷರ ಸೊಟ್ಟಗೆ ಕಂಡರೆ ಪೆನ್ನು ಸರಿಯಿಲ್ಲ ಎಂದುಕೋ.

ಇಲ್ಲಿಯ ಸುದ್ದಿ ಏನೆಂದರೆ, ಏಳನೇ ನಂಬರಿನ ಮಷೀನು ಮತ್ತೆ ದಾರ ನುಂಗುತ್ತಿದೆ. ಇಪ್ಪತ್ತೆರಡು ವರ್ಷ ಕಾಲರೊಂದನ್ನೇ ಹೊಲಿದು ಕಾಲರಮ್ಮ ಎಂದೇ ಹೆಸರಾದವಳು ಕನ್ನಡಕ ಬದಲಿಸಿದ್ದಾಳೆ. ಇಷ್ಟು ವರ್ಷ ನನ್ನ ಮುಖ ಸರಿಯಾಗಿ ಕಂಡೇ ಇರಲಿಲ್ಲವಂತೆ, ಕಂಡಿದ್ದರೆ ಎಂದೋ ಕೆಲಸ ಬಿಡುತ್ತಿದ್ದಳಂತೆ. ಹೇಳಿ ತಾನೇ ನಕ್ಕಳು. ನಾನು ಅವಳ ಕಾಲರೊಂದನ್ನು ಬಿಚ್ಚಿಸಿ ಮತ್ತೆ ಹೊಲಿಸಿದೆ.

ಇನ್ನು ವಿಷಯಕ್ಕೆ ಬರುತ್ತೇನೆ.

ನಿನ್ನ ಮಷೀನಿನ ಹಿಂದಿನ ಕಪಾಟಿನಲ್ಲಿ ಆ ಪೆಟ್ಟಿಗೆಗಳು ಇಟ್ಟ ಹಾಗೇ ಇವೆ. ಏಳು ತಿಂಗಳು ನೀನು ಕಂಪ್ಯೂಟರಿನ ಒಂದೊಂದೇ ಬಿಡಿಭಾಗ ತಂದು ಕೂಡಿಹಾಕಿದ್ದೆ. ಜೋಡಿಸಿರುವ ಕಂಪ್ಯೂಟರನ್ನೇ ತರಬಾರದೇ ಎಂದು ನಾನು ಕೇಳಿದ್ದಕ್ಕೆ, "ನಾವೇ ರೆಡಿಮೇಡ್ ತಂದ್ರೆ ಹೊಲಿಗೆಯವರು ಅಂತ ಬೋರ್ಡ್ ಯಾಕೆ ಹಾಕ್ಕೋಬೇಕು ಅತ್ತೆ?" ಎಂದೆ. ಇಸ್ತ್ರಿಯವನು ಗಹಗಹಿಸಿ ನಕ್ಕ. ನಾನು ನಗಲಿಲ್ಲ, ಒಳಗೆ ನಕ್ಕಿದ್ದೆ. ಮೂವತ್ತು ವರ್ಷ ಮೊಳೆಗೆ ನೇತಾಡಿ ಕಿವಿ ಹರಿದುಹೋದ ನಮ್ಮ ಅಳತೆಯ ಖಾಕಿ ಕಾಗದಗಳನ್ನೆಲ್ಲ ಅದರೊಳಗೆ ಇಳಿಸುತ್ತೇನೆ, ಬೇಕಾದ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಗೀಟು ಹಾಕಿ ಅದೇ ಕೊಡುತ್ತದೆ ಎಂದು ನೀನು ಹೇಳಿದ್ದೆ.

ಆ ದಿನ ಮಧ್ಯಾಹ್ನ ನೀನು ಕಟಿಂಗ್ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎಲ್ಲರೆದುರು ಕೂತೆ. ಪ್ರೊಸೆಸರ್ ಎಂಬ ಆ ಚಿಕ್ಕ ಬಿಲ್ಲೆಯನ್ನು, ಹೊಟ್ಟೆಯ ಕೆಳಗೆ ಸಾವಿರಕ್ಕೂ ಮೇಲ್ಪಟ್ಟು ಕೂದಲೆಳೆಯಂಥ ಸೂಜಿಗಳಿರುವ ಆ ಬಿಲ್ಲೆಯನ್ನು, ಅದರ ಜಾಗದಲ್ಲಿ ಇಟ್ಟೆ. ಅದು ಕೂರಲಿಲ್ಲ. ತಿರುಗಿಸಿ ನೋಡಿದರೆ ಒಂದು ಮೂಲೆಯಲ್ಲಿ ಸೂಜಿಗಳು ಬಾಗಿದ್ದವು, ಎರಡು ಮುರಿದೇ ಹೋಗಿದ್ದವು. ನಿನ್ನ ಮುಖ ಸುಣ್ಣದ ಹಾಗಾಯಿತು. "ನಾನು ಒತ್ತಲೇ ಇಲ್ಲ ಅತ್ತೆ" ಎಂದೆ. ಅದಕ್ಕೆ ನಾನು ಏನೆಂದೆ ಎಂಬುದು ನಿನಗೂ ನೆನಪಿದೆ, ಅಲ್ಲಿದ್ದವರಿಗೆಲ್ಲ ನೆನಪಿದೆ. "ಎಲ್ಲ ಕೈಗೂ ಎಲ್ಲ ಕೆಲಸ ಒಗ್ಗಲ್ಲ" ಎಂದೆ. ಮಾರನೆಯ ದಿನ ನೀನು ಅಣ್ಣನ ಮನೆಗೆ ಹೊರಟೆ. "ನಾಲ್ಕು ದಿನ ಇದ್ದು ಬರ್ತೀನಿ" ಎಂದು ಹೋದವಳಿಗೆ ಇವತ್ತಿಗೆ ನಲವತ್ತೊಂದು ದಿನ.

ಕೋಪದಿಂದ ಕೂತಿದ್ದೀಯೆಂದು ತಿಳಿದಿದ್ದೆ. ಕೋಪವಾದರೆ ನನಗೆ ಅರ್ಥವಾಗುತ್ತದೆ, ಅದು ನನ್ನ ಹಳೆಯ ನೆಂಟ. ಆದರೆ ಮೊನ್ನೆ ಭಾನುವಾರ ನಿನ್ನ ಗಂಡ ಹೇಗೋ ಬಾಯಿ ಬಿಟ್ಟ. ಪರದೆಯ ಅಂಚು ಮಡಿಸಿ ಹೊಲಿದುಕೊಡು ಎಂದು ನಿನ್ನ ಅತ್ತಿಗೆ ಕೇಳಿದ್ದಕ್ಕೆ, "ಬೇಡ ಅತ್ತಿಗೆ, ನಾನು ಮುಟ್ಟಿದ್ದು ಹಾಳಾಗುತ್ತೆ" ಎಂದೆಯಂತೆ. ಪರದೆಯ ಅಂಚು! ನೀನು ನಿದ್ದೆಗಣ್ಣಿನಲ್ಲಿ ಹೊಲಿಯುವಂಥದ್ದು! ಅದನ್ನು ಕೇಳಿದ ಮೇಲೆ ಊಟ ಸೇರಲಿಲ್ಲ. ಬಟ್ಟಲನ್ನು ಹಾಗೇ ಮುಚ್ಚಿಟ್ಟು ಎದ್ದೆ.

ಅರ್ಧ ಹೊಲಿದ ಬಟ್ಟೆಯನ್ನು ಮಡಿಸಿಡುವ ಪದ್ಧತಿ ಈ ಮನೆಯಲ್ಲಿಲ್ಲ. ನಿನ್ನ ಆ ಕಂಪ್ಯೂಟರನ್ನು ನಾನೇ ಜೋಡಿಸಿ ಮುಗಿಸುತ್ತೇನೆ. ಹೊಸ ಪ್ರೊಸೆಸರ್ ತರುವುದಕ್ಕೆ ಶನಿವಾರ ಅಂಗಡಿಗೆ ಹೋಗುತ್ತೇನೆ. ನೀನು ಬಿಡಿಭಾಗಗಳ ಹೆಸರು ಬರೆದಿಟ್ಟಿದ್ದ ಪಟ್ಟಿ ಸಿಕ್ಕಿದೆ. ನಗಬೇಡ. ನಗುವುದಾದರೆ ಅತ್ತಿಗೆಯ ಎದುರು ಜೋರಾಗಿ ನಗು, ನೀನು ನಕ್ಕೆ ಎಂದಾದರೂ ನಿನ್ನ ಗಂಡನಿಂದ ನನಗೆ ಗೊತ್ತಾಗಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ


ಜೂನ್ 16, ಸೋಮವಾರ

ಚಿ. ಸೌ. ಸೊಸೆಗೆ ಆಶೀರ್ವಾದಗಳು.

ಹದಿಮೂರು ದಿನ ಸುಮ್ಮನಿದ್ದದ್ದಕ್ಕೆ ತಪ್ಪು ತಿಳಿಯಬೇಡ. ಒಳ್ಳೆಯ ಸುದ್ದಿಯೊಂದಿಗೇ ಬರೆಯಬೇಕೆಂದು ಕಾದೆ. ಅದು ಬರುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಇರುವ ಸುದ್ದಿಯನ್ನೇ ಬರೆಯುತ್ತಿದ್ದೇನೆ.

ಅಂಗಡಿ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ ಎಂಬುದನ್ನು ಪಟ್ಟಿಯಲ್ಲಿ ನೀನು ಬರೆದಿರಲಿಲ್ಲ. ಮೇಲೆ ಹೋದರೆ ತಲೆಗೆ ದೀಪ ಕಟ್ಟಿಕೊಂಡವನೊಬ್ಬ ಯಾವುದೋ ಪೆಟ್ಟಿಗೆಯೊಳಗೆ ಮುಖ ಹುದುಗಿಸಿ ಕೂತಿದ್ದ. ಅಲ್ಲಿಂದಲೇ, "ಅಜ್ಜಿ, ಮೊಬೈಲ್ ರಿಪೇರಿ ಕೆಳಗಡೆ" ಎಂದ.

"ಅಜ್ಜಿ ನಿಮ್ಮನೇಲಿರ್ತಾರೆ. ನಾನು ಗಿರಾಕಿ. ಕಂಪ್ಯೂಟರ್ ಜೋಡಿಸ್ತಿದ್ದೀನಿ" ಎಂದೆ.

ಮುಖ ಹೊರಗೆ ಬಂತು. ದೀಪ ನೇರ ನನ್ನ ಕಣ್ಣಿಗೆ. "ಯಾರು ಜೋಡಿಸ್ತಿದ್ದಾರೆ?"

"ದೀಪ ಆರಿಸಿದ್ರೆ ಕಾಣ್ತದೆ ನೋಡಪ್ಪ."

ಆರಿಸಿದ. ಕುರ್ಚಿ ಕೊಟ್ಟ, ಅದರ ಮೇಲಿದ್ದ ವೈರುಗಳನ್ನು ತಾನೇ ತೆಗೆದ. ನಿನ್ನ ಪಟ್ಟಿಯನ್ನು ಕೊಟ್ಟೆ. ಆರ್ಡರ್ ಕಾಗದದ ಹಿಂಬದಿಯಲ್ಲಿ ಬರೆದದ್ದನ್ನು ಮೇಲಿನಿಂದ ಕೆಳಗೆ ಒಂದು ಸಲ ಓದಿದ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಓದಿದ. "ಇದನ್ನ ಬರೆದೋರು ಯಾರಮ್ಮ? ಒಂದಕ್ಕೊಂದು ಹೊಂದೋ ಹಾಗೇ ಆರಿಸಿದ್ದಾರೆ. ಎಲ್ಲ ಸೇರಿ ಎಷ್ಟು ಕರೆಂಟ್ ಎಳೀತದೆ ಅಂತ ಲೆಕ್ಕ ಹಾಕಿ ಪವರ್ ಸಪ್ಲೈ ಬರೆದಿದ್ದಾರೆ. ಇಲ್ಲಿಗೆ ಬರೋರಲ್ಲಿ ಹತ್ತಕ್ಕೆ ಒಂಬತ್ತು ಜನ ಬಣ್ಣದ ಲೈಟು ಮಿಣಿಮಿಣಿ ಅಂದ್ರೆ ಸಾಕು, ಎತ್ಕೊಂಡು ಹೋಗ್ತಾರೆ."

"ನನ್ನ ಸೊಸೆ" ಎಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ.

ಮುರಿದ ಪ್ರೊಸೆಸರನ್ನೂ ತೆಗೆದುಕೊಂಡು ಹೋಗಿದ್ದೆ. ಅದನ್ನು ಭೂತಗನ್ನಡಿ ಹಿಡಿದು ನೋಡಿ ಅವನು ಒಂದು ಮಾತು ಹೇಳಿದ. ಅದನ್ನು ಮುಂದೆ ಯಾವಾಗಲಾದರೂ ಬರೆಯುತ್ತೇನೆ. ಹೊಸದನ್ನು ಕಟ್ಟಿಕೊಟ್ಟು ಬುದ್ಧಿಮಾತುಗಳನ್ನೂ ಕಟ್ಟಿಕೊಟ್ಟ. ಪ್ರೊಸೆಸರನ್ನು ಒತ್ತಬಾರದು, ಸರಿಯಾದ ದಿಕ್ಕಿಗೆ ಹಿಡಿದು ಬಿಟ್ಟರೆ ತಾನೇ ಇಳಿದು ಕೂರುತ್ತದೆ. ಅದರ ಮೇಲೆ ಹಾಕುವ ಪೇಸ್ಟು ಬಟಾಣಿ ಕಾಳಿನಷ್ಟಿರಬೇಕು. ನೈಲಾನ್ ಉಟ್ಟು ಕೂರಬಾರದು, ಮೈಯಲ್ಲಿ ಹುಟ್ಟುವ ಕಿಡಿ ಬೋರ್ಡನ್ನು ಸುಡುತ್ತದೆ, ಆಗಾಗ ಕಬ್ಬಿಣ ಮುಟ್ಟುತ್ತಿರಬೇಕು. ಈ ಕೊನೆಯದನ್ನು ನನಗೆ ಹೇಳಿಕೊಡುತ್ತಾನೆ! ಚಳಿಗಾಲದಲ್ಲಿ ಲೈನಿಂಗ್ ಬಟ್ಟೆ ಚಟಪಟ ಎನ್ನುವಾಗ ಮಷೀನಿನ ಕಾಲು ಮುಟ್ಟಿಕೊಂಡೇ ಅರ್ಧ ಆಯುಷ್ಯ ಹೊಲಿದವಳು ನಾನು.

ಗುರುವಾರ ಮಧ್ಯಾಹ್ನ ಕೂತೆ. ಹತ್ತಿಬಟ್ಟೆ ಉಟ್ಟೆ, ಮೇಜಿನ ಮೇಲೆ ನಿನ್ನ ಬಿಳಿ ಬಟ್ಟೆಯನ್ನೇ ಹಾಸಿದೆ, ಸ್ಕ್ರೂಗಳನ್ನು ಸೀಮೆಸುಣ್ಣದ ಡಬ್ಬಿಗೆ ಸುರಿದುಕೊಂಡೆ. ಎರಡು ಮೊಣಕೈಗೂ ಇಸ್ತ್ರಿಯ ದಿಂಬು ಕೊಟ್ಟು ಕೂತೆ. "ಅಮ್ಮಾವ್ರು ಆಪರೇಷನ್ ಮಾಡ್ತಿದ್ದಾರೆ, ಯಾರೂ ಸೀನಬೇಡಿ" ಎಂದ ಇಸ್ತ್ರಿಯವನು. ಪ್ರೊಸೆಸರ್ ಇಳಿಯಿತು, ಸೊಸೆ. ಬೆರಳು ಬಿಟ್ಟೆ ಅಷ್ಟೇ, ಅಳತೆ ಕೊಟ್ಟು ಹೊಲಿಸಿದ ಅಂಗಿಯೊಳಗೆ ತೋಳು ಇಳಿಯುವ ಹಾಗೆ ಇಳಿಯಿತು. ಪಕ್ಕದ ಸಣ್ಣ ಕಂಬಿಯನ್ನು ಮಡಚಿ ಅದಕ್ಕೆ ಬೀಗ ಹಾಕಿದೆ.

ಮುಂದಿನದೆಲ್ಲ ಸುಲಭ ಎಂದುಕೊಂಡೆ. ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಇಟ್ಟು ಒಂಬತ್ತು ಸ್ಕ್ರೂ ಬಿಗಿದು ಬೆನ್ನು ನೆಟ್ಟಗೆ ಮಾಡಿದರೆ, ಬೋರ್ಡು ಬಂದ ಡಬ್ಬಿಯ ಅಡಿಯಲ್ಲಿ ತಗಡಿನ ಒಂದು ಪಟ್ಟಿ ನನ್ನನ್ನೇ ನೋಡುತ್ತಿದೆ. ಹಿಂಬದಿಯ ಕಿಂಡಿಗೆ ಕೂರಿಸಬೇಕಾದದ್ದು, ಅದೂ ಬೋರ್ಡಿಗಿಂತ ಮೊದಲು. ಕಾಲರಮ್ಮ ಹೊಸ ಕನ್ನಡಕ ಏರಿಸಿಕೊಂಡು, "ಲೈನಿಂಗ್ ಮರೆತು ಕೋಟು ಹೊಲಿದ್ರಾ ಅಮ್ಮಾವ್ರೆ?" ಎಂದಳು. ಇಪ್ಪತ್ತೆರಡು ವರ್ಷದ ಸೇಡು ಒಂದೇ ಮಾತಿನಲ್ಲಿ ತೀರಿಸಿಕೊಂಡಳು. ಒಂಬತ್ತೂ ಬಿಚ್ಚಿದೆ, ಪಟ್ಟಿ ಕೂರಿಸಿದೆ, ಒಂಬತ್ತೂ ಬಿಗಿದೆ. ಬಿಚ್ಚಿ ಹೊಲಿಯುವುದಕ್ಕೆ ನಾಚುವವರು ಈ ಕಸುಬಿಗೆ ಬರಬಾರದೆಂದು ನಾನೇ ಎಲ್ಲರಿಗೂ ಹೇಳಿಕೊಟ್ಟಿದ್ದೇನಲ್ಲ.

ಶುಕ್ರವಾರ ಫ್ಯಾನು, ವೈರು, ರ‍್ಯಾಮ್ ಎಂಬ ನೆನಪಿನ ಪಟ್ಟಿ. ಶನಿವಾರ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ದೀಪ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆ ಮಾತ್ರ ಕಪ್ಪು. ಐದು ನಿಮಿಷ ಕಾದೆವು, ಚಪ್ಪಾಳೆ ತಟ್ಟಿದವರೆಲ್ಲ ಒಬ್ಬೊಬ್ಬರೇ ಮಷೀನಿಗೆ ಹೋದರು. ಅಂದಿನಿಂದ ಮೂರು ಸಲ ಎಲ್ಲವನ್ನೂ ಬಿಚ್ಚಿ ಕಟ್ಟಿದ್ದೇನೆ. ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ಅಂಗಡಿಯವನು ಮದುವೆಗೆಂದು ಬೇರೆ ಊರಿಗೆ ಹೋಗಿದ್ದಾನೆ, ಬಾಗಿಲು ಹಾಕಿದೆ.

ಯಾರನ್ನಾದರೂ ಕೇಳಿ ಎಂದು ನಿನ್ನ ಗಂಡ ಹೇಳಿದ. ನನಗೆ ಗೊತ್ತಿರುವವರಲ್ಲಿ ಇದನ್ನು ಬಲ್ಲವರು ಒಬ್ಬರೇ ಇದ್ದಾರೆ. ಆದ್ದರಿಂದ ಕೇಳುತ್ತಿದ್ದೇನೆ. ಫ್ಯಾನು ತಿರುಗುತ್ತದೆ, ಪರದೆ ಬರುವುದಿಲ್ಲ. ಯಾಕೆ?

ನಿನ್ನ ಅತ್ತೆ


ಜೂನ್ 27, ಶುಕ್ರವಾರ

ಚಿ. ಸೌ. ಸೊಸೆಗೆ ಅತ್ತೆಯ ಆಶೀರ್ವಾದಗಳು.

ಭಾನುವಾರ ನಿನ್ನ ಗಂಡ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದುಕೊಟ್ಟ. ಎರಡು ತಿಂಗಳಲ್ಲಿ ನಿನ್ನಿಂದ ಬಂದದ್ದು ಎರಡು ಸಾಲು. ಉತ್ತರಿಸುವುದಕ್ಕೆ ಐದು ದಿನ ಹಿಡಿಯಿತು, ಅದಕ್ಕೆ ಕ್ಷಮೆಯಿರಲಿ. ಚೀಟಿ ನನ್ನೆದುರೇ ಇದೆ. "ರ‍್ಯಾಮ್ ಒತ್ತಿ ಅತ್ತೆ, ಎರಡೂ ಕಡೆ ಟಕ್ ಅನ್ನೋವರೆಗೂ. ಮುರಿಯಲ್ಲ. ನಿಮ್ಮ ಕೈ ಒಳ್ಳೆಯದು, ಆಗುತ್ತೆ."

ಒತ್ತಿ ಎನ್ನುತ್ತೀಯ! ಐವತ್ತು ವರ್ಷ ನಾನು ಕಲಿತದ್ದು, ಕಲಿಸಿದ್ದು ಒಂದೇ ಮಾತು: ಬಟ್ಟೆಯನ್ನು ತಳ್ಳಬೇಡ, ಮಷೀನು ತಾನೇ ಎಳೆದುಕೊಳ್ಳಲಿ, ತಳ್ಳಿದರೆ ಸೂಜಿ ಮುರಿಯುತ್ತದೆ. ಕೈ ಅದಕ್ಕೇ ಒಗ್ಗಿಹೋಗಿದೆ. ಪ್ರೊಸೆಸರ್ ಆ ಮಾತು ಕೇಳಿತ್ತು. ರ‍್ಯಾಮೂ ಕೇಳುತ್ತದೆಂದು ಅದನ್ನು ಅದರ ಸೀಳಿನಲ್ಲಿ ಇಟ್ಟು, ಮಗುವಿನ ತಲೆ ನೇವರಿಸಿದ ಹಾಗೆ ನೇವರಿಸಿ ಬಿಟ್ಟಿದ್ದೆ. ನೋಡುವುದಕ್ಕೆ ಕೂತ ಹಾಗೇ ಇತ್ತು. ಸೋಮವಾರ ಎಲ್ಲರೂ ಊಟಕ್ಕೆ ಎದ್ದ ಮೇಲೆ ಎರಡು ಹೆಬ್ಬೆರಳಿಟ್ಟು ಒತ್ತಿದೆ. ಬೋರ್ಡು ಬಗ್ಗುವ ಹಾಗಾಯಿತು, ನನ್ನ ಎದೆಯೂ ಬಗ್ಗಿತು. ನಿನ್ನ ಚೀಟಿ ನೆನೆದು ಇನ್ನೂ ಒತ್ತಿದೆ. ಟಕ್. ಆಮೇಲೆ ಆ ಕಡೆಯೂ ಟಕ್.

ಪರದೆ ಬಂತು! ಬಿಳಿ ಅಕ್ಷರಗಳಲ್ಲಿ ಅದು ತನ್ನ ಅಂಗಾಂಗಗಳನ್ನೆಲ್ಲ ತಾನೇ ಎಣಿಸಿ ತೋರಿಸಿತು: ಪ್ರೊಸೆಸರ್ ಇದೆ, ರ‍್ಯಾಮ್ ಇದೆ, ಫ್ಯಾನು ಇಷ್ಟು ಸುತ್ತು ತಿರುಗುತ್ತಿದೆ. ಆ ಕೋಣೆಯಲ್ಲಿ ನಾನೊಬ್ಬಳೇ. ಕೂಗಿ ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ. ಇದನ್ನು ಮೊದಲು ನೋಡಬೇಕಾಗಿದ್ದವಳು ನೀನು ಎಂದು ತೋರಿತು. ಹಾಗೆ ತೋರಿದ ಮೇಲೆ ಕುರ್ಚಿಯಲ್ಲಿ ಕೂರುವುದಕ್ಕಾಗಲಿಲ್ಲ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಆ ಸೂಜಿಗಳನ್ನು ಮುರಿದದ್ದು ನೀನಲ್ಲ. ನಾನು.

ನೀನು ಜೋಡಿಸಲು ಕೂತದ್ದರ ಹಿಂದಿನ ದಿನ, ಆಸ್ಪತ್ರೆಯ ಗೌನುಗಳನ್ನು ಕೊಟ್ಟುಬರಲು ನೀನು ಹೋಗಿದ್ದಾಗ ಪ್ರೊಸೆಸರಿನ ಪೆಟ್ಟಿಗೆಯನ್ನು ನಾನು ತೆರೆದೆ. ಅಷ್ಟು ಚಿಕ್ಕದನ್ನು ಅಷ್ಟು ಜೋಪಾನ ಮಾಡುತ್ತಾಳಲ್ಲ, ಏನಿರಬಹುದು ಎಂದು ಎತ್ತಿದೆ. ಕೈ ಜಾರಿ ಮೇಜಿನ ಮೇಲೆ ಮೂಲೆ ತಾಗಿ ಬಿತ್ತು. ನಾಲ್ಕಾರು ಸೂಜಿ ಬಾಗಿದವು. ಅಲ್ಲಿಗೇ ಬಿಟ್ಟಿದ್ದರೆ ಬಲ್ಲವರು ಸರಿಮಾಡುತ್ತಿದ್ದರಂತೆ. ಬಿಡುವವಳೇ ನಾನು? ಬಾಗಿದ ಗುಂಡುಸೂಜಿ ನೆಟ್ಟಗೆ ಮಾಡುವುದು ನನಗೆ ಹೊಸದೇ? ಕೈಹೊಲಿಗೆಯ ಸೂಜಿ ತಂದು, ಅದರ ಕಣ್ಣನ್ನು ಆ ಕೂದಲೆಳೆಗೆ ತೊಡಿಸಿ ಮೆಲ್ಲಗೆ ಎತ್ತಿದೆ. ಮೊದಲನೆಯದು ಎದ್ದು ನಿಂತಿತು. ಎರಡನೆಯದೂ ನಿಂತಿತು. ಉಬ್ಬಿಹೋದೆ. ಮೂರನೆಯದು ಮುರಿಯಿತು. ಕೈ ತಡೆಯಬೇಕಿತ್ತು, ತಡೆಯಲಿಲ್ಲ, ನಾಲ್ಕನೆಯದೂ ಮುರಿಯಿತು.

ಇದ್ದ ಹಾಗೇ ಇಟ್ಟು ಮುಚ್ಚಿದೆ. ಸಂಜೆ ನೀನು ಬಂದಾಗ ಹೇಳೋಣ ಎಂದುಕೊಂಡೆ. ನೀನು ಹಾಡು ಗುನುಗುತ್ತ ಬಂದೆ, ನಾಳೆ ಜೋಡಿಸುತ್ತೇನೆ ಎಂದೆ. ಬೆಳಗ್ಗೆ ಹೇಳೋಣ ಎಂದುಕೊಂಡೆ. ಬೆಳಗ್ಗೆ ಜನರಿದ್ದರು. ಮಧ್ಯಾಹ್ನ ನೀನು ಅದನ್ನು ತಿರುಗಿಸಿ ನೋಡಿ, "ನಾನು ಒತ್ತಲೇ ಇಲ್ಲ ಅತ್ತೆ" ಎಂದು ನನ್ನ ಕಡೆಗೇ ತಿರುಗಿದೆ. ಆಗಲೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ ಮಾತು. ಒಂದು ಸಲ ಹೊರಗೆ ಬಿದ್ದ ಆ ಮಾತನ್ನು ಎತ್ತಿಕೊಳ್ಳುವುದಕ್ಕೆ ನನ್ನ ಬೆನ್ನು ಬಾಗಲಿಲ್ಲ.

ಅಂಗಡಿಯವನು ಭೂತಗನ್ನಡಿಯಲ್ಲಿ ನೋಡಿ ಹೇಳಿದ ಮಾತು ಇದೇ. "ಕೂರಿಸುವಾಗ ಮುರಿದಿದ್ದಲ್ಲಮ್ಮ ಇದು. ಯಾರೋ ಸೂಜಿ ಹಾಕಿ ಎಬ್ಬಿಸೋಕೆ ನೋಡಿದ್ದಾರೆ, ಗೀರು ಕಾಣ್ತಿದೆ."

"ಅಂಥ ಕೆಲಸ ಯಾರು ಮಾಡ್ತಾರಪ್ಪ?" ಎಂದು ಕೇಳಿದೆ, ನನಗೇನೂ ಗೊತ್ತಿಲ್ಲದವಳ ಹಾಗೆ.

"ಧೈರ್ಯ ಜಾಸ್ತಿ ಇದ್ದು ಬುದ್ಧಿ ಕಮ್ಮಿ ಇರೋರು" ಎಂದ.

ಬೇರೆ ಯಾರಾದರೂ ಅಂದಿದ್ದರೆ ಆ ಅಂಗಡಿಯ ಮೆಟ್ಟಿಲು ಮತ್ತೆ ತುಳಿಯುತ್ತಿರಲಿಲ್ಲ. "ಸರಿಯಾಗಿ ಹೇಳಿದೆ" ಎಂದು ಹೊಸದನ್ನು ತೆಗೆದುಕೊಂಡು ಇಳಿದುಬಂದೆ. ಅದನ್ನೂ ಹಿಂದಿನ ಪತ್ರದಲ್ಲಿ ನಿನ್ನಿಂದ ಮುಚ್ಚಿಟ್ಟೆ.

ಬುಧವಾರ ಹನ್ನೆರಡು ಗಂಟೆಗೆ ಮಷೀನುಗಳನ್ನೆಲ್ಲ ನಿಲ್ಲಿಸಲು ಹೇಳಿದೆ. ಕಟಿಂಗ್ ಮೇಜಿನ ಮುಂದೆ ನಿಂತು ಇಷ್ಟನ್ನೂ ಹೇಳಿದೆ. ಸೂಜಿ ಮುರಿದವಳು ನಾನು, ಬೈಸಿಕೊಂಡವಳು ನನ್ನ ಸೊಸೆ ಎಂದೆ. ಇಸ್ತ್ರಿಯವನು, "ಅಮ್ಮಾವ್ರೆ, ನಮಗೆ ಹೇಳಿದ್ದಾಯ್ತು. ಅಕ್ಕನಿಗೆ ಹೇಳಿದ್ರಾ?" ಎಂದ. ಅವನ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇಲ್ಲದಿದ್ದರೆ ತಬ್ಬಿಕೊಳ್ಳುತ್ತಿದ್ದ, ಹಾಗಿತ್ತು ಅವನ ಮುಖ. ನನ್ನನ್ನು ಇದುವರೆಗೆ ಯಾರೂ ಹಾಗೆ ನೋಡಿರಲಿಲ್ಲ. "ಬರೀತೀನಿ" ಎಂದೆ.

ಇಗೋ ಬರೆದಿದ್ದೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದು ನನಗೆ ಗೊತ್ತಿಲ್ಲ, ಅದನ್ನು ನನಗೆ ಯಾರೂ ಕಲಿಸಲಿಲ್ಲ. ಗೊತ್ತಿರುವವರು ಹೇಗೆ ಕೇಳುತ್ತಾರೋ ಹಾಗೆ ಕೇಳಿದೆ ಎಂದು ತಿಳಿದುಕೋ. ವಾಪಸ್ಸು ಬಾ ಎಂದು ಈ ಪತ್ರ ಬರೆದಿಲ್ಲ. ಬರುವುದು, ಬಿಡುವುದು, ಅಲ್ಲೇ ಒಂದು ಮಷೀನು ಹಾಕಿಕೊಂಡು ಕೂರುವುದು, ಎಲ್ಲ ನಿನ್ನ ಇಷ್ಟ. ನಿನ್ನ ಗಂಡನಿಗೂ ಅದನ್ನೇ ಹೇಳಿದ್ದೇನೆ. ಆದರೆ ನಿನ್ನ ಕೈ ಸರಿಯಿಲ್ಲ ಎಂದು ನೀನು ಇನ್ನೊಂದು ದಿನವೂ ನಂಬಬಾರದು. ಈ ಕಾಗದ ಓದಿ ಮಡಿಸಿದ ಕೂಡಲೇ ಎದ್ದು ಹೋಗಿ ಅತ್ತಿಗೆಯ ಆ ಪರದೆಯನ್ನು ಹೊಲಿದುಕೊಡು. ಇದು ಅಪ್ಪಣೆ. ಇಂಥ ವಿಷಯದಲ್ಲಿ ಅಪ್ಪಣೆ ಕೊಡುವ ಅಧಿಕಾರ ನನಗೆ ಉಳಿದಿದೆ ಎಂದುಕೊಂಡಿದ್ದೇನೆ.

ಅಣ್ಣನಿಗೂ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸು. ಸುಖವಾಗಿರು. ಕೈಗೆತ್ತಿಕೊಂಡ ಕೆಲಸವೆಲ್ಲ ನಿನಗೆ ಒಲಿಯಲಿ.

ನಿನ್ನ ಅತ್ತೆ

ವಿ. ಸೂ.: ಪತ್ರ ಮುಗಿಸಿ ಅಂಟಿಸಲು ಹೋದವಳು ಮತ್ತೆ ತೆರೆದಿದ್ದೇನೆ. "ಕೈ ಜಾರಿ ಬಿತ್ತು" ಎಂದು ಬರೆದದ್ದು ಪೂರ್ತಿ ನಿಜವಲ್ಲ. ಕೈ ಜಾರಲಿಲ್ಲ, ನಡುಗಿತು. ಒಂದು ವರ್ಷದಿಂದ ನಡುಗುತ್ತಿದೆ. ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದೆ. ಬುಧವಾರ ನಾನು ಸೂಜಿಯ ಕಥೆ ಹೇಳಿ ಮುಗಿಸಿದ ಮೇಲೆ ಕಾಲರಮ್ಮ ಒಬ್ಬಳೇ ಹಿಂದೆ ಉಳಿದಳು. "ನೀವು ಇಷ್ಟು ಹೇಳಿದ್ರಲ್ಲ, ನಾನೂ ಒಂದು ಹೇಳಬೇಕು. ಹೇಳಬೇಡ ಅಂತ ಅಕ್ಕ ಆಣೆ ಹಾಕಿಸಿಕೊಂಡಿದ್ದಾರೆ" ಎಂದು ನಿನ್ನ ಮಷೀನಿನ ಕೆಳಗಿನಿಂದ ಒಂದು ಚೀಲ ಎಳೆದು ತಂದು ನನ್ನ ಮುಂದೆ ಬಿಚ್ಚಿದಳು. ತೋಳು, ಬೆನ್ನು, ಜೇಬು, ಎಲ್ಲದರ ಮೇಲೂ ನನ್ನ ಸೀಮೆಸುಣ್ಣದ ಗುರುತು, ಎಲ್ಲವೂ ಅಂಕುಡೊಂಕಾಗಿ ಕತ್ತರಿಸಿದ್ದವು. ಒಂದು ವರ್ಷ ನಾನು ಕೆಡಿಸಿದ್ದನ್ನೆಲ್ಲ ನೀನು ಬಟ್ಟೆಯ ತಾನಿನ ಕೊನೆಯಲ್ಲಿ ಉಳಿದ ತುಂಡುಗಳಲ್ಲಿ ಮತ್ತೆ ಕತ್ತರಿಸಿ, ನಾನು ಕತ್ತರಿಸಿಟ್ಟ ಕಟ್ಟಿನೊಳಗೇ ಸೇರಿಸಿ ಇಡುತ್ತಿದ್ದೆಯಂತೆ. ಕಂಪ್ಯೂಟರ್ ಯಾಕೆ ಎಂದು ಅವಳು ಕೇಳಿದಾಗ, "ಅಳತೆ ಅತ್ತೆಯದೇ ಇರಲಿ, ಗೀಟು ಮಾತ್ರ ಅದು ಹಾಕಲಿ, ಯಾರಿಗೂ ಗೊತ್ತಾಗಲ್ಲ" ಎಂದೆಯಂತೆ. ನನ್ನ ಜಾಗಕ್ಕೆ ಯಾವುದನ್ನು ತಂದು ಕೂರಿಸುತ್ತಾಳೋ ನೋಡೋಣ ಎಂದೇ ನಾನು ಆ ಪೆಟ್ಟಿಗೆ ತೆರೆದದ್ದು. ನೀನು ಅದನ್ನು ತರುತ್ತಿದ್ದದ್ದು ನನ್ನ ಮಾನ ಕಾಯುವುದಕ್ಕೆ. ಅದೆಲ್ಲ ಗೊತ್ತಿದ್ದೂ ಚೀಟಿಯಲ್ಲಿ "ನಿಮ್ಮ ಕೈ ಒಳ್ಳೆಯದು" ಎಂದು ಬರೆದೆಯಲ್ಲ, ಆ ಸಾಲನ್ನು ಈಗ ಓದಲಾರೆ, ಬಿಸಾಡಲಾರೆ. ನಿನ್ನೆ ಬೆಳಗ್ಗೆ ಎಲ್ಲರನ್ನೂ ಮತ್ತೆ ಸೇರಿಸಿ, ನನ್ನ ಕೈ ನಡುಗುತ್ತದೆ, ಇನ್ನು ಮೇಲೆ ನಾನು ಕತ್ತರಿಸುವುದಿಲ್ಲ ಎಂದು ಹೇಳಿದೆ. ಹೊಲಿದು ಬಂದ ಬಟ್ಟೆ ಪರೀಕ್ಷಿಸುವುದಕ್ಕೆ ಬಾಗಿಲ ಬಳಿ ಕೂರುತ್ತೇನೆ, ಕಣ್ಣು ಇನ್ನೂ ಗಟ್ಟಿಯಾಗಿದೆ. ಕಟಿಂಗ್ ಮೇಜು ಮೂವತ್ತು ವರ್ಷದ ಹಿಂದೆ ನನ್ನ ಎತ್ತರಕ್ಕೆ ಮಾಡಿಸಿದ್ದು. ಅದರ ಮೇಲೆ ಬಗ್ಗಿ ಬಗ್ಗಿ ನಿನಗೆ ಬೆನ್ನು ನೋಯುತ್ತಿತ್ತು, ನಾನು ನೋಡಿಯೂ ನೋಡದ ಹಾಗಿದ್ದೆ. ನಿನ್ನೆ ಮಧ್ಯಾಹ್ನ ಬಡಗಿಯನ್ನು ಕರೆಸಿ ಅದರ ನಾಲ್ಕೂ ಕಾಲಿಗೆ ಆರು ಬೆರಳು ಎತ್ತರದ ಮರ ಹಾಕಿಸಿದ್ದೇನೆ. ನಿಂತು ನೋಡಿದೆ, ಈಗ ಅದು ನನ್ನ ಎದೆಗೆ ಬರುತ್ತದೆ.